ಒಳಕೋಣೆಯ ಕೆಮ್ಮು

ಕಾಕು ವ್ಯಾನು ತಿರುಗಿಸುವಾಗ ಮೊದಲು ಅವರ ಮೂಗುತಿ ತಿರುಗುತ್ತಿತ್ತು, ಆಮೇಲೆ ಸ್ಟಿಯರಿಂಗು. ಗಿಡ್ಡ ಆಳು. ಸೀಟಿನ ಮೇಲೆ ಮಡಿಸಿದ ಕೌದಿ ಹಾಕಿಕೊಂಡು ಕೂತರೂ ಎದುರಿನಿಂದ ಬರುವವರಿಗೆ ಕಾಣುತ್ತಿದ್ದದ್ದು ಕುಂಕುಮ, ಮೂಗುತಿ ಮತ್ತು ಸ್ಟಿಯರಿಂಗ್ ಹಿಡಿದ ಎರಡು ಮುಷ್ಟಿ ಮಾತ್ರ. ಬಲಗೈ ಮುಷ್ಟಿ ಆಗಾಗ ಕಿಟಕಿಯಿಂದ ಹೊರಗೆ ಬಂದು, ಬೆರಳು ಬಿಡಿಸಿಕೊಂಡು, ರೊಟ್ಟಿ ತಟ್ಟುವ ಹಾಗೆ ಗಾಳಿಯನ್ನು ತಟ್ಟಿ ಇಡೀ ಪುಣೆಗೆ "ಸಾವಕಾಶ, ಸಾವಕಾಶ" ಎಂದು ಹೇಳುತ್ತಿತ್ತು. ಆ ಕೈಗೆ ಸಿಟಿ ಬಸ್ಸು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಅವರಿಲ್ಲ. ಇಲ್ಲದವರ ಬಗ್ಗೆ ಬರೆಯಲು ಕೂತವನು ಮೊದಲು ಕಣ್ಣೊರೆಸಿಕೊಳ್ಳಬೇಕೆಂದು ನನಗೂ ಗೊತ್ತು. ಆದರೆ ನನಗೆ ಅವರ ಮೇಲೆ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಅವರನ್ನು ಹೊಗಳುವಾಗ ನೀವು ಪೂರ್ತಿ ನಂಬಿಬಿಡುತ್ತೀರಿ. ನಾನೂ ನಂಬಿಬಿಡುತ್ತೇನೆ.

ಎಲ್ಲರಿಗೂ ಅವರು ಕಾಕು, ಮರಾಠಿಯ ಚಿಕ್ಕಮ್ಮ. ಪುಣೆಯ ಕೋಥರೂಡಿನಲ್ಲಿ ಅವರದು ಸೊಸಾಯಿಟಿಯ ಫ್ಲ್ಯಾಟು, ನಮ್ಮದು ಅದರ ಹಿಂದಿನ ಗಲ್ಲಿಯ ಎರಡು ಕೋಣೆ. ಅವರು ವಿಜಾಪುರದ ಕಡೆಯವರು, ಗಂಡ ಬ್ಯಾಂಕಿನಲ್ಲಿ ಗುಮಾಸ್ತ. ನಮ್ಮಪ್ಪ ಯಾದಗಿರಿ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವರು. ಆ ಸೊಸಾಯಿಟಿಯ ಸ್ಲ್ಯಾಬುಗಳಿಗೆ ಹಲಗೆ ಹೊಡೆದವರಲ್ಲಿ ಅವರೂ ಒಬ್ಬರು. ಅವ್ವ ಅಲ್ಲಿನ ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ನಾನು ಅದರ ಗೇಟಿನಲ್ಲಿ ನಿಂತು ಅಲ್ಲಿನವರ ನಡಿಗೆ, ಮಾತು, ಸೀನು ಎಲ್ಲವನ್ನೂ ಅಣಕಿಸುತ್ತಿದ್ದೆ. ಹೀಗೆ ನಮ್ಮ ಇಡೀ ಕುಟುಂಬ ಆ ಸೊಸಾಯಿಟಿಗಾಗಿ ದುಡಿಯುತ್ತಿತ್ತು.

ನನಗೆ ಹತ್ತೋ ಹನ್ನೊಂದೋ ವರ್ಷವಿದ್ದಾಗ ವಾಚ್‌ಮನ್ನನ ಸೀಟಿಯನ್ನು ಬಾಯಲ್ಲೇ ಊದುವ ವಿದ್ಯೆ ಕೈಗೆ ಹತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ಕಾಕುವಿನ ವ್ಯಾನು ಗೇಟು ದಾಟುವಾಗ ಊದಿದೆ. ವ್ಯಾನು ಗಕ್ಕನೆ ನಿಂತಿತು. ಒಳಗಿದ್ದ ಹುಡುಗರೆಲ್ಲ ಮುಂದಿನ ಸೀಟಿಗೆ ಮೂಗು ಬಡಿಸಿಕೊಂಡರು. ಕಾಕು ಇಳಿದು, ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದ ವಾಚ್‌ಮನ್ನನನ್ನು ನೋಡಿ, ನನ್ನನ್ನು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಏಟು ಬೀಳುವ ಕೆನ್ನೆ ಯಾವುದಿರಬಹುದೆಂದು ನಾನು ಯೋಚಿಸುತ್ತಿದ್ದೆ.

"ಇನ್ನೊಮ್ಮೆ ಊದು," ಅಂದರು.

ಊದಿದೆ. ವಾಚ್‌ಮನ್ ನಿದ್ದೆಗಣ್ಣಲ್ಲೇ ಎದ್ದು ಯಾರಿಗೋ ಸಲಾಮು ಹೊಡೆದ. ಕಾಕು ನಕ್ಕರು. ಅವರ ನಗೆಗೆ ಸದ್ದಿರಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಹೆಗಲು ಮಾತ್ರ ಕುಣಿಸುತ್ತಿದ್ದರು. ಆಮೇಲೆ ವ್ಯಾನಿನ ಬಾಗಿಲು ಸರಿಸಿ, "ಹತ್ತಲೇ ಮಂಗ್ಯಾ, ನೀನೂ ಆಡಾಕ ಬಾ," ಅಂದರು. ಒಳಗಿನಿಂದ ಜಾಗ ಇಲ್ಲ ಎಂಬ ಗಲಾಟೆ ಎದ್ದಿತು. ಅದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಮುಂದೆ ಎಷ್ಟೋ ವರ್ಷ ಆ ವ್ಯಾನಿನಲ್ಲಿ ಕೇಳಿದೆ: "ಸೀಟು ಯಾರಪ್ಪನ ಮನೀದಲ್ಲ. ಸರಕೊಂಡ ಕೂಡ್ರಿ, ಇನ್ನೊಬ್ರು ಹಿಡೀತಾರ."

ವ್ಯಾನು ಹೋಗುತ್ತಿದ್ದದ್ದು ಊರಂಚಿನ ವಾಕಡಕ್ಕೆ. ಅಲ್ಲಿ ಖೋ ಖೋ ಕಲಿಸುವ ಒಬ್ಬ ಸರ್ ಇದ್ದರು. ಜಿಲ್ಲೆಯ ತಂಡಕ್ಕೆ ಹೋಗುವ ಹುಡುಗರು ಬಹಳ ಮಂದಿ ಅವರ ಕೈಯಲ್ಲಿ ಪಳಗಿದವರೇ. ಸೊಸಾಯಿಟಿಯ ಮನೆಗಳು ಸರದಿ ಹಾಕಿಕೊಂಡು ಮಕ್ಕಳನ್ನು ಕರೆದೊಯ್ಯುತ್ತಿದ್ದವು. ಕಾಕು ಮೊದಲು ತಮ್ಮ ಮಗಳಿಗಾಗಿ ಸರದಿ ಶುರು ಮಾಡಿದವರು, ಮಗಳು ಓದಿ, ಮದುವೆಯಾಗಿ ಪುಣೆಯ ಆ ತುದಿಯ ಖರಾಡಿಗೆ ಹೋದ ಮೇಲೂ ಬಿಡಲಿಲ್ಲ. ಆಮೇಲೆ ಮೊಮ್ಮಗ ಶಾಲೆಗೆಂದು ಅವರ ಹತ್ತಿರವೇ ಉಳಿದ, ಅವನೂ ವ್ಯಾನು ಹತ್ತಿದ.

ಆಟದಲ್ಲಿ ನಾನು ದಂಡ. ಬೆನ್ನ ಹಿಂದೆ ಬಂದು ಖೋ ಕೊಟ್ಟರೆ ತಟ್ಟನೆ ಏಳಬೇಕಾದ ಆಟದಲ್ಲಿ ನಾನು ಪಕ್ಕದವನಿಗೆ ಸರ್ ಅವರ ಅಣಕು ತೋರಿಸುತ್ತ ಕೂತೇ ಇರುತ್ತಿದ್ದೆ. ವರ್ಷದೊಳಗೆ ಸರ್ ನನ್ನನ್ನು ಮರ್ಯಾದೆಯಿಂದ ಹೊರಗೆ ಕೂರಿಸಿದರು. ಆದರೆ ನನ್ನ ಜಾಗದಲ್ಲಿ ಮುಂದೆ ಬಂದ ನನ್ನ ತಂಗಿ ಬೇರೆ. ಅವಳು ಕಂಬಕ್ಕೆ ಡೈವ್ ಹೊಡೆಯುವುದನ್ನು ನೋಡಿ ಸರ್ ಸೀಟಿ ಊದುವುದನ್ನೇ ಮರೆಯುತ್ತಿದ್ದರು. ಅಪ್ಪ ಒಮ್ಮೆ ನೋಡಲು ಬಂದು, "ಇದು ನಮ್ಮದ ಹೌದಿಲ್ಲೋ" ಎಂದು ನನ್ನನ್ನು ಕೇಳಿದ್ದರು.

ನಮಗೆ ಗಾಡಿ ಇರಲಿಲ್ಲ. ಅದಕ್ಕೆ ಕಾಕುವೇ ದಾರಿ ಹುಡುಕಿದರು. ನನಗೆ ಹದಿನೆಂಟು ತುಂಬಿದ ಕೂಡಲೇ ಖಾಲಿ ಮೈದಾನಕ್ಕೆ ಕರೆದೊಯ್ದು ತಮ್ಮ ವ್ಯಾನಿನಲ್ಲೇ ಗಾಡಿ ಕಲಿಸಿದರು. ಕೌದಿ ತೆಗೆಯಬೇಡ, ಅದು ವ್ಯಾನಿನ ಭಾಗ ಅಂದರು. ಹಾಗಾಗಿ ನಾನು ತಲೆ ಟಾಪಿಗೆ ತಾಗಿಸಿಕೊಂಡು, ಬಗ್ಗಿ ಬಗ್ಗಿ ಕ್ಲಚ್ ಕಲಿತೆ. ಲೈಸೆನ್ಸ್ ಬಂದ ಮೇಲೆ ಗೇಟಿನಲ್ಲಿ ಎಲ್ಲರ ಎದುರು ಕೀಲಿಕೈ ನನ್ನ ಕೈಗಿಟ್ಟು, ವಾರದಲ್ಲಿ ಎರಡು ದಿನ ಇವನು ಹೊಡೆಯುತ್ತಾನೆ, ಅದೇ ಇವರ ಮನೆಯ ಸರದಿ ಎಂದು ಸಾರಿದರು. ನಮ್ಮ ಮನೆಯೂ ಲೆಕ್ಕಕ್ಕೆ ಬಂತು. ಅವತ್ತು ಅವ್ವ ಅವರಿಗೆ ಕಳಿಸಿದ ರೊಟ್ಟಿಗಳು ಎಂದಿಗಿಂತ ದೊಡ್ಡವಿದ್ದವು.

ಇನ್ನು ಕೆಮ್ಮಿನ ವಿಷಯ.

ಕಾಕುವಿನ ಬಾಯಲ್ಲಿ ಒಂದು ಮಾತು ಬರುತ್ತಿರಲಿಲ್ಲ: ಒಲ್ಲೆ. ಎದುರಿಗೆ ನಿಂತವರ ಮುಖ ನೋಡಿಕೊಂಡು ಆ ಮಾತು ಆಡುವುದು ಅವರ ಪಾಲಿಗೆ ಅವರನ್ನು ಮೆಟ್ಟಿಲ ಮೇಲಿಂದ ನೂಕಿದಷ್ಟೇ ಪಾಪ. ಆದರೆ ಕೇಳುವವರು ಬಿಡುತ್ತಾರೆಯೇ? ಮದುವೆಗೆ ವ್ಯಾನು ಕೊಡ್ರಿ ಅನ್ನುವವರು, ಚೀಟಿ ಹಾಕ್ರಿ ಅನ್ನುವವರು, ನಿಮ್ಮ ಮಿಕ್ಸರ್ ನಾಲ್ಕು ದಿನ ಇರಲಿ ಅನ್ನುವವರು. ಅಂಥವರಿಗೆಲ್ಲ ಕಾಕು, "ಒಂದ ಮಾತ ಅವರನ್ನ ಕೇಳ್ತೀನ್ರಿ," ಎನ್ನುತ್ತ ಒಳಕೋಣೆಯ ಪರದೆಯ ಕಡೆ ತಿರುಗುತ್ತಿದ್ದರು. ಗಂಡನ ಹೆಸರು ಅವರು ಎಂದೂ ಆಡಿದವರಲ್ಲ. "ಅವರು" ಅಂದರೆ ಕಾಕಾ. ಒಳಗಿನಿಂದ ಕೆಮ್ಮು ಬರುತ್ತಿತ್ತು. ಎರಡು ಗಿಡ್ಡ, ಒಂದು ಉದ್ದ. ಕಾಕು ಮುಖ ಬಾಡಿಸಿಕೊಂಡು ಈ ಕಡೆ ತಿರುಗಿ, "ಒಲ್ಲೆ ಅಂತಾರ್ರಿ. ಅವರ ಸ್ವಭಾವ ನಿಮಗ ಗೊತ್ತದಲ್ಲ," ಅನ್ನುತ್ತಿದ್ದರು.

ಕಾಕಾ ಮಹಾ ಕಠಿಣ ಮನುಷ್ಯ ಎಂದು ಇಡೀ ಸೊಸಾಯಿಟಿ ನಂಬಿತ್ತು. ನಿಜವಾಗಿ ಅವರು ಟಿ.ವಿ.ಯ ಅಡುಗೆ ಕಾರ್ಯಕ್ರಮದಲ್ಲಿ ಯಾರದೋ ಕೇಕು ಕುಸಿದರೆ ಕಣ್ಣೊರೆಸಿಕೊಳ್ಳುವ ಜೀವ. ಅವರ ಕೆಮ್ಮಿಗೆ ಯಾವ ಅರ್ಥವೂ ಇರಲಿಲ್ಲ, ಅದು ಬರೀ ಕೆಮ್ಮು.

ತೊಂದರೆಯೆಂದರೆ ಕಾಕಾ ಹಗಲು ಬ್ಯಾಂಕಿನಲ್ಲಿರುತ್ತಿದ್ದರು, ಕೇಳುವವರು ಹಗಲೇ ಬರುತ್ತಿದ್ದರು. ಹೀಗಾಗಿ ನನಗೆ ನೌಕರಿ ಸಿಕ್ಕಿತು. ಶಾಲೆ ಮುಗಿಸಿ ಬಂದು ಒಳಕೋಣೆಯಲ್ಲಿ ಕಾಕಾನ ಕಾಟಿನ ಮೇಲೆ ಕೂತು ಶೇಂಗಾ ಉಂಡಿ ತಿನ್ನುವುದು, ಹೊರಗೆ "ಅವರನ್ನ ಕೇಳ್ತೀನ್ರಿ" ಎಂದು ಕೇಳಿಸಿದರೆ ಉಂಡಿ ನುಂಗಿ ಕೆಮ್ಮುವುದು. ಬಂದವರು ಮೆಟ್ಟಿಲಿಳಿದ ಮೇಲೆ ಕಾಕು ಬಾಗಿಲು ಹಾಕಿ, ಪರದೆ ಸರಿಸಿ, ಬಾಯಿಗೆ ಸೆರಗು ತುರುಕಿಕೊಂಡು ಹೆಗಲು ಕುಣಿಸುತ್ತಿದ್ದರು. ಬಂದವರು ಹೇಗೆ ಹೆದರಿ ಮುಖ ಸಣ್ಣ ಮಾಡಿಕೊಂಡರೆಂದು ಮಾಡಿ ತೋರಿಸುತ್ತಿದ್ದರು. ಅಣಕಿನಲ್ಲಿ ಅವರೂ ಕಡಿಮೆಯವರಲ್ಲ.

ಒಮ್ಮೆ ಚೀಟಿಯ ಹೆಂಗಸು ಬಾಗಿಲಲ್ಲಿ ನಿಂತಿದ್ದಾಗ ನಾನು ಒಳಗೆ ಕೆಮ್ಮಿದೆ. ಅದೇ ಹೊತ್ತಿಗೆ ಬ್ಯಾಂಕಿನಿಂದ ಬೇಗ ಬಿಟ್ಟಿದ್ದ ಕಾಕಾ ಮೆಟ್ಟಿಲು ಹತ್ತಿ ಆಕೆಯ ಹಿಂದೆಯೇ ಬಂದು ನಿಂತರು. ಆಕೆ ಕಾಕಾನನ್ನು ನೋಡಿದಳು, ಪರದೆಯನ್ನು ನೋಡಿದಳು. ಕಾಕು ನೆಲ ನೋಡಿದರು. ಯಾರ ಹತ್ತಿರವೂ ಮಾತಾಡದ ಕಾಕಾ ಚೀಲ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದರು: "ನಮ್ಮ ಅಣ್ಣ ಊರಿಂದ ಬಂದಾನ. ನಮ್ಮ ಮನೆತನಕ್ಕೇ ಇದು ಅದ." ಮತ್ತೆ ತಾವೂ ಕೆಮ್ಮಿದರು, ಎರಡು ಗಿಡ್ಡ, ಒಂದು ಉದ್ದ. ನಾನು ಒಳಗಿಂದ ಉತ್ತರ ಕೊಟ್ಟೆ. ಆಕೆ ಮತ್ತೆ ಆ ಮಹಡಿಗೆ ಬರಲಿಲ್ಲ.

ಕಾಕಾ ಹೃದಯಾಘಾತದಿಂದ ಹೋದರು. ಅದಾದ ಕೆಲವು ತಿಂಗಳಿಗೆ ನಾನು ಅವ್ವನ ರೊಟ್ಟಿ ಕೊಡಲು ಹೋಗಿದ್ದೆ. ಕಾಕು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ, "ಒಮ್ಮೆ ಕೆಮ್ಮಪಾ, ಅವರಗತೆ," ಅಂದರು. ನಾನು ಒಳಕೋಣೆಗೆ ಹೋಗಿ, ಪರದೆ ಇಳಿಸಿ, ಕಾಟಿನ ಮೇಲೆ ಕೂತು ಕೆಮ್ಮಿದೆ. ಬಂದು ನೋಡಿದರೆ ಅವರ ಹೆಗಲು ಕುಣಿಯುತ್ತಿತ್ತು, ಬಾಯಲ್ಲಿ ಸೆರಗಿತ್ತು, ಕಣ್ಣಲ್ಲಿ ನೀರಿತ್ತು. ಅದು ನಗೆಯೋ ಅಳುವೋ ಎಂದು ತಿಳಿಯುವಷ್ಟು ವಿದ್ಯೆ ನನಗಿರಲಿಲ್ಲ. ಸೊಪ್ಪು ಬಿಡಿಸಲು ಕೂತೆ.

ಇಲ್ಲಿಂದ ಮುಂದೆ ಸಾಹೇಬರು ಬರುತ್ತಾರೆ.

ಗೇಟಿನಲ್ಲಿ ಕೂಗಿ ಸರದಿ ಹೇಳುವ ಕಾಲ ಹೋಗಿತ್ತು. ವಾಟ್ಸಾಪಿನಲ್ಲಿ ನಾನು ಬರಲ್ಲ, ನೀವು ಹೋಗಿ, ನನ್ನ ಮಗನಿಗೆ ಜ್ವರ ಎಂದು ದಿನವಿಡೀ ಟಣ್ ಟಣ್. ಕಾಕುವಿನ ಕಷ್ಟ ನೋಡಿ ಖರಾಡಿಯ ಮಗಳು ಅವರ ಫೋನಿನಲ್ಲಿ ಒಂದು ಎಐ ಸಹಾಯಕನನ್ನು ಕೂರಿಸಿ, ಅದನ್ನು ಗುಂಪಿಗೂ ಸೇರಿಸಿಕೊಟ್ಟಳು. ಭಾನುವಾರ ಸಂಜೆ ಅದು ಪ್ರತಿ ಮನೆಗೂ ಯಾವ ದಿನ ಗಾಡಿ ಸಿಗುತ್ತದೆಂದು ಕೇಳುತ್ತಿತ್ತು, ಆಮೇಲೆ ಯಾರ ಗಾಡಿಯಲ್ಲಿ ಯಾವ ಮಕ್ಕಳು ಎಂದು ಪಟ್ಟಿ ಹಾಕುತ್ತಿತ್ತು. ಮರಾಠಿಯಲ್ಲಿ ಕೇಳಿದರೆ ಮರಾಠಿ, ಕನ್ನಡದಲ್ಲಿ ಕೇಳಿದರೆ ಕನ್ನಡ. ಕನ್ನಡವೋ, ಸಭೆಯಲ್ಲಿ ವಂದನಾರ್ಪಣೆ ಮಾಡುವವರ ಕನ್ನಡ. "ನಮಸ್ಕಾರ. ನಾಳೆಯ ಪ್ರಯಾಣದ ವಿವರ ಹೀಗಿದೆ." ಕಾಕು ಮಾತ್ರ ತಮ್ಮ ವಿಜಾಪುರದ ಮಾತೇ ಆಡುತ್ತಿದ್ದರು: "ಏನಪಾ, ಊಟಾತೇನು? ನಾಳಿಂದು ಹಾಕಿದ್ಯಾ?" ಅದು ತಾನು ಊಟ ಮಾಡುವುದಿಲ್ಲವೆಂದು ವಿನಯದಿಂದ ತಿಳಿಸಿ, ಪಟ್ಟಿ ಕೊಡುತ್ತಿತ್ತು. ನಾವು ಅದಕ್ಕೆ ಸಾಹೇಬರು ಎಂದು ಹೆಸರಿಟ್ಟೆವು. ಅದರ ದನಿ ನನಗೆ ಒಂದೇ ದಿನದಲ್ಲಿ ಬಂತು. ವ್ಯಾನಿನಲ್ಲಿ ಗೇರು ಹಾಕುತ್ತ ನಾನು "ಮುಂದಿನ ತಿರುವಿನಲ್ಲಿ ಎಮ್ಮೆಯೊಂದು ತಮ್ಮನ್ನು ನಿರೀಕ್ಷಿಸುತ್ತಿದೆ" ಎಂದರೆ ಮಕ್ಕಳು ನಮ್ಮ ಪುಣೆಯ ಚಾಂದನಿ ಚೌಕ ದಾಟುವವರೆಗೂ ನಗುತ್ತಿದ್ದವು.

ಕೆಲಸದಲ್ಲಿ ಸಾಹೇಬರು ಗಟ್ಟಿಗರು, ಸುಳ್ಳೇಕೆ. ಮಳೆಯಲ್ಲಿ ಒಬ್ಬರ ಗಾಡಿ ಕೆಟ್ಟರೆ ಕಾಕುವಿನ ಒಲೆಯ ಮೇಲೆ ಹಾಲು ಉಕ್ಕುವ ಮೊದಲೇ ಇನ್ನೊಂದು ಗಾಡಿ ಹೊಂದಿಸಿರುತ್ತಿದ್ದರು.

ಆದರೆ ಕಾಕು ಅವರಲ್ಲಿ ಕಂಡದ್ದು ಬೇರೆ ಗುಣ. ಯಾರೋ ನಮ್ಮ ಇನ್ನೊಬ್ಬ ಮಗನನ್ನೂ ಸೇರಿಸ್ರಿ ಎಂದು ಬಂದರು. ಕಾಕು ಅಭ್ಯಾಸಬಲದಿಂದ ಒಳಕೋಣೆಯ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲವೆಂದು ನೆನಪಾಗಿ, ಸೊಂಟದಲ್ಲಿದ್ದ ಫೋನು ತೆಗೆದು ನೋಡಿದರು. "ಒಲ್ಲೆ ಅಂತಾರ್ರಿ," ಅಂದರು. "ಜಾಗ ಇಲ್ಲಂತ." ಬಂದವರು ಮೆಟ್ಟಿಲಿಳಿದರು. ಯಂತ್ರದ ಹತ್ತಿರ ಯಾರು ಜಗಳಾಡುತ್ತಾರೆ? ಕಾಕು ನನ್ನ ಕಡೆ ತಿರುಗಿ ಹೆಗಲು ಕುಣಿಸಿದರು. ನಾನೂ ಕುಣಿಸಿದೆ. ಅಂದಿನಿಂದ ಕಾಕುವಿನ ಬಾಯಲ್ಲಿ ಸಾಹೇಬರೂ "ಅವರು" ಆದರು. ಕಾಕಾ ಹೋದ ಮೇಲೆ ಖಾಲಿ ಬಿದ್ದಿದ್ದ ನನ್ನ ನೌಕರಿ ಯಂತ್ರಕ್ಕೆ ಹೋಯಿತು. ದೇಶದಲ್ಲಿ ಹಾಗೆ ನೌಕರಿ ಕಳೆದುಕೊಂಡ ಮೊದಲನೆಯ ಕೆಮ್ಮುವವನು ನಾನೇ ಇರಬೇಕು.

ಆ ವರ್ಷ ತಂಗಿಗೆ ಜಿಲ್ಲಾ ತಂಡದ ಆಯ್ಕೆ ಹತ್ತಿರವಿತ್ತು. ಸರ್ ಈ ಸಲ ಅವಳ ಹೆಸರು ಬರುತ್ತದೆ ಎಂದು ಅಪ್ಪನಿಗೇ ಹೇಳಿದ್ದರು, ಉಳಿದ ವಾರಗಳಲ್ಲಿ ಒಂದು ದಿನವೂ ತಪ್ಪಿಸಬಾರದು ಎಂದೂ ಹೇಳಿದ್ದರು. ಅಂಥ ಒಂದು ಭಾನುವಾರ ಸಾಹೇಬರ ಪಟ್ಟಿ ಬಂತು. ಅದರಲ್ಲಿ ತಂಗಿಯ ಹೆಸರಿರಲಿಲ್ಲ. ಗಾಡಿ ಹೊಡೆಯುವವರಲ್ಲಿ ನನ್ನದೂ ಇರಲಿಲ್ಲ.

ನಾನು ಕಾಕುವಿನ ಮನೆಗೆ ಓಡಿದೆ. "ನಾನೇನ ಮಾಡ್ಲಿಪಾ," ಅಂದರು, ಫೋನು ತೋರಿಸಿ. "ಅವರು ಹಂಗ ಹಾಕ್ಯಾರ. ಇನ್ನ ಮನಿಗೊಂದು ಗಾಡಿ ಬೇಕಂತ."

ನಾನು ನಂಬಿದೆ. ಇದನ್ನು ಬರೆಯುವಾಗ ನನಗೇ ನಗು ಬರುತ್ತದೆ. ಅದೇ ಬಾಗಿಲಿನ ಒಳಗೆ ಕೂತು ವರ್ಷಗಟ್ಟಲೆ ಕೆಮ್ಮಿದವನು, ಬಾಗಿಲಿನ ಹೊರಗೆ ನಿಂತಾಗ ಕೆಮ್ಮನ್ನು ನಂಬಿದೆ. ಆ ಬಾಗಿಲಿನ ಹೊರಗೆ ಒಂದು ದಿನ ನಾನೂ ನಿಲ್ಲಬೇಕಾದೀತೆಂದು ಎಂದೂ ಯೋಚಿಸಿರಲಿಲ್ಲ. ಬದಲಿಗೆ ಅವರ ಮೇಲೆಯೇ ಕನಿಕರಪಟ್ಟು, ಇರಲಿ ಬಿಡ್ರಿ ಕಾಕು, ನೀವೇನು ಮಾಡ್ತೀರಿ ಎಂದು ಸಮಾಧಾನ ಹೇಳಿ ಬಂದೆ.

ತಂಗಿ ಎರಡು ಬಸ್ಸು ಬದಲಿಸಿ ವಾಕಡಕ್ಕೆ ಹೋಗತೊಡಗಿದಳು. ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಅಲ್ಲಿ ಮುಟ್ಟುವಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತಿತ್ತು. ಮುಂದಿನ ಭಾನುವಾರದ ಪಟ್ಟಿಯಲ್ಲೂ ಅವಳಿರಲಿಲ್ಲ. ಸರ್ ಮುಖ ಗಂಟು ಹಾಕಿಕೊಂಡರು. ಅವ್ವ ನನಗೆ, ನೀನು ಎಲ್ಲರನ್ನೂ ನಗಿಸುವವನು ತಾನೆ, ಆ ಸಾಹೇಬರನ್ನೂ ಒಂದಿಷ್ಟು ನಗಿಸಿ ಕೇಳಿನೋಡು ಅಂದಳು.

ನನಗೆ ಅದು ಒಳ್ಳೆಯ ಉಪಾಯ ಅನ್ನಿಸಿತು. ಶನಿವಾರ ಬೆಳಿಗ್ಗೆ ಗೇಟಿನಲ್ಲಿ ಎಲ್ಲರೂ ಇದ್ದರು. ಮಕ್ಕಳು, ಅವರ ಅಪ್ಪ ಅಮ್ಮಂದಿರು, ವ್ಯಾನಿನ ಪಕ್ಕ ಕಾಕು. ಬೆಂಗಳೂರಿನಿಂದ ಬಂದ ಒಬ್ಬ ಅಪ್ಪನೂ ಇದ್ದರು. ಅವರ ಪ್ರತಿ ಮಾತೂ "ಬೇಸಿಕಲಿ" ಎಂದೇ ಶುರುವಾಗುವುದರಿಂದ ವ್ಯಾನಿನಲ್ಲಿ ಅವರಿಗೆ ಅದೇ ಹೆಸರು. ತಂಗಿ ಬಸ್ಸಿಗೆ ಹೊರಟವಳು ನನ್ನ ಹಿಂದೆ ನಿಂತಳು. ನಾನು ಟಿ.ವಿ. ವರದಿಗಾರನ ಹಾಗೆ ಕಿವಿಯಲ್ಲಿ ಬೆರಳಿಟ್ಟುಕೊಂಡು, ಫೋನಿನ ಸ್ಪೀಕರ್ ಜೋರು ಮಾಡಿ, ಗುಂಪಿನ ಸಾಹೇಬರ ಸಂದರ್ಶನ ಶುರು ಮಾಡಿದೆ.

"ಸಾಹೇಬ್ರ, ಕೋಥರೂಡಿನ ಜನ ಕೇಳಾಕತ್ತಾರ. ನನ್ನ ತಂಗಿ ಮ್ಯಾಲ ನಿಮಗೇನು ಸಿಟ್ಟು? ಆಕಿನ್ನ ಯಾಕ ಕೈಬಿಟ್ರಿ?"

ಮಕ್ಕಳು ಆಗಲೇ ನಗುತ್ತಿದ್ದವು. ಸಾಹೇಬರು ವಂದನಾರ್ಪಣೆಯ ದನಿಯಲ್ಲಿ ಹೇಳಿದರು:

"ನನಗೆ ಯಾರ ಮೇಲೂ ಸಿಟ್ಟಿಲ್ಲ. ಗುಂಪಿನಲ್ಲಿ ಯಾರಿರಬೇಕು ಎಂಬುದನ್ನು ನಾನು ತೀರ್ಮಾನಿಸುವುದಿಲ್ಲ. ನಿಮ್ಮ ತಂಗಿಯನ್ನು ಬಿಟ್ಟು ಪಟ್ಟಿ ಮಾಡಲು ನನಗೆ ಹೇಳಲಾಗಿದೆ. ಕಾರಣ ನನಗೆ ತಿಳಿಸಿಲ್ಲ. ಗುಂಪನ್ನು ನಡೆಸುವವರು ಕಾಕು, ದಯವಿಟ್ಟು ಅವರನ್ನೇ ಕೇಳಿ. ತಂಗಿಗೆ ಬೇಗ ತಲುಪುವ ಬಸ್ಸು ಯಾವುದೆಂದು ಹುಡುಕಲು ನಾನು ಸಹಾಯ ಮಾಡಬಲ್ಲೆ."

ಮಕ್ಕಳು ರೂಢಿಯಂತೆ ಇನ್ನೂ ಸ್ವಲ್ಪ ನಕ್ಕವು. ದೊಡ್ಡವರು ಯಾರೂ ನಗಲಿಲ್ಲ. ಬೇಸಿಕಲಿ ಅವರು ತಮ್ಮ ಕಾರಿನ ಟೈರು ನೋಡತೊಡಗಿದರು. ಕಾಕು ವ್ಯಾನಿನ ಗಾಜು ಒರೆಸಲು ಶುರು ಮಾಡಿದರು, ಅದು ಆಗಲೇ ಒರೆಸಿದ ಗಾಜು.

"ಅದಕ್ಕೇನ ತಿಳೀತದ," ಅಂದರು, ನನ್ನ ಕಡೆ ನೋಡದೆ. "ಮಷೀನು ಅದು."

ಸಾಹೇಬರನ್ನು ಅವರು "ಅದು" ಅಂದದ್ದು ಅವತ್ತೇ ಮೊದಲು. ಪಾಪ, ಕಾಕುವಿನ ತಪ್ಪೆಂದರೆ ಇಷ್ಟೇ. ಯಾರ ಬಾಯಲ್ಲಿ ಒಲ್ಲೆ ಇಟ್ಟರೂ ಅವರು ಕಾಕಾನ ಹಾಗೆ ಸುಮ್ಮನೆ ಹೊತ್ತುಕೊಂಡು ಕೂರುತ್ತಾರೆಂದು ನಂಬಿದ್ದರು. ಕಾಕಾನನ್ನು ಯಾರೂ ತಿರುಗಿ ಕೇಳಿರಲಿಲ್ಲ. ಕೇಳಿದರೆ ಅಣ್ಣ ಊರಿಂದ ಬಂದಾನ ಎಂದು ಸುಳ್ಳು ಹೇಳಿಯಾದರೂ ಹೆಂಡತಿಯನ್ನು ಉಳಿಸುತ್ತಿದ್ದರು. ಸಾಹೇಬರಿಗೆ ಆ ಸಂಸಾರ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳಿದರು.

ಮಧ್ಯಾಹ್ನ ಅವರ ಮನೆಗೆ ಹೋದೆ. ಬಾ ಎಂದು ಕರೆದು ಚುರುಮುರಿ ಸೂಸಲಾ ಕೊಟ್ಟರು, ಚಹಾ ಕೊಟ್ಟರು. ಅವ್ವನ ಸೊಂಟನೋವು ಕೇಳಿದರು, ನನ್ನ ಪರೀಕ್ಷೆ ಕೇಳಿದರು, ಮಂಡಯಿ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಎಷ್ಟು ತುಟ್ಟಿಯಾಗಿದೆಯೆಂದು ಹೇಳಿದರು. ಎಲ್ಲವೂ ಮುಗಿದು ಮಾತಿಗೆ ಮತ್ತೇನೂ ಉಳಿಯದಾಗ ನಾನು ಕೇಳಿದೆ: "ಕಾಕು, ನೀವ ತಗದೀರೇನ್ರಿ ಆಕಿನ್ನ?"

ಕಾಕು ಒಳಕೋಣೆಯ ಪರದೆಯ ಕಡೆ ತಿರುಗಿದರು.

ಬೇಕೆಂದು ತಿರುಗಿದ್ದಲ್ಲ. ಕತ್ತು ತಾನಾಗಿಯೇ ಹೋಯಿತು. ಅಲ್ಲಿ ಖಾಲಿ ಕಾಟು, ಅದರ ಮೇಲೆ ಮಡಿಸಿಟ್ಟ ಹೊದಿಕೆ. ಆದರೆ ಅವರ ಕಣ್ಣು ಅಲ್ಲಿಂದ ಬರುವ ಏನನ್ನೋ ಕಾಯುತ್ತಿತ್ತು, ಮತ್ತು ಅದು ಬರುವುದು ಎಲ್ಲಿಂದ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಕೆಮ್ಮಿದ್ದರೆ ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ವಿಷಯ ಅಲ್ಲಿಗೇ ಮುಗಿದು, ಇನ್ನೊಂದು ಸುತ್ತು ಚಹಾ ಆಗುತ್ತಿತ್ತು. ಕೆಮ್ಮು ಗಂಟಲ ತನಕ ಬಂದಿತ್ತು. ನಾನು ಚಹಾ ಕುಡಿದು ಅದನ್ನು ಕೆಳಗಿಳಿಸಿದೆ.

ಕಾಕು ಕಾದರು. ಆಮೇಲೆ ಈ ಕಡೆ ತಿರುಗಿದರು. ನಾನು ಅವರನ್ನು ಬಲ್ಲಂದಿನಿಂದ ಆ ಮುಖವನ್ನು ಅಷ್ಟು ಬರಿದಾಗಿ ನೋಡಿರಲಿಲ್ಲ.

"ನಾನ ತಗದೆ," ಅಂದರು.

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲ ಹೇಳಿದರು. ಬೇಸಿಕಲಿ ಅವರ ಮಗ ಊಟದ ಹೊತ್ತಿನಲ್ಲಿ ಅಪ್ಪನದೇ ಅಣಕು ಮಾಡಿ ತೋರಿಸಿದ್ದನಂತೆ, ಎಲ್ಲಿ ಕಲಿತೆ ಎಂದರೆ ವ್ಯಾನಿನಲ್ಲಿ ಅಂದನಂತೆ. ಅವರು ಇನ್ನಿಬ್ಬರನ್ನು ಕೂಡಿಸಿಕೊಂಡು ಬಂದು, ಇದು ನಿಲ್ಲಬೇಕು, ಇಲ್ಲದಿದ್ದರೆ ನಾವೇ ಬೇರೆ ಗುಂಪು ಮಾಡಿಕೊಳ್ಳುತ್ತೇವೆ ಅಂದರಂತೆ. ಹಾಗಾದರೆ ಮೊಮ್ಮಗ ಒಬ್ಬನೇ ಉಳಿಯುತ್ತಾನೆ. ಕಾಕುವಿಗೆ ಕಣ್ಣಿನ ಪೊರೆ ಬಂದು ದಿನಾ ವಾಕಡದವರೆಗೆ ಗಾಡಿ ಹೊಡೆಯಲು ಆಗುತ್ತಿರಲಿಲ್ಲ.

"ಆ ನಿಮ್ಮ ಡ್ರೈವರ್ ಹುಡುಗ ಬ್ಯಾಡ ಅಂದ್ರು," ಅಂದರು ಕಾಕು. "ನೀ ಬಿಟ್ರ ನಿಮ್ಮನಿ ಸರದಿ ಹೋತು, ಆಕಿ ಸೀಟೂ ಹೋತು. ನೀ ಡ್ರೈವರ್ ಅಲ್ಲ, ಅದು ನಿಮ್ಮನಿ ಸರದಿ ಅಂತ ನಾ ಹೇಳಬೇಕಾಗಿತ್ತು."

"ಏನಂದ್ರಿ ಮತ್ತ?"

"ಚಹಾ ತಗೋರಿ ಅಂದೆ."

ಲೋಟದ ತಳದಲ್ಲಿ ನನ್ನ ಚಹಾ ತಣ್ಣಗಾಗಿತ್ತು. ನಾನು ಹೇಳಿದೆ, ಒಂದು ಮಾತು ನನಗೆ ಅಂದಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡು ಗಾಡಿ ಹೊಡಿ ಮಂಗ್ಯಾ ಅಂದಿದ್ದರೆ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುತ್ತಿದ್ದೆ. ತಂಗಿ ಆ ಹಿಂದಿನ ಮೂಲೆಯಲ್ಲಿ ಕೂತು ಹೋಗುತ್ತಿದ್ದಳು.

"ನಿನ್ನ ಮಾರಿ ನೋಡಿಕೋತ ಹೆಂಗ ಹೇಳ್ಲಿಪಾ," ಅಂದರು.

ಸೊಸಾಯಿಟಿಗೆಲ್ಲ ಹೀಗೆಯೇ ಮಾಡಿದ್ದರು ನಿಜ. ಆದರೆ ಸೊಸಾಯಿಟಿಯವರು ಹೊರಗಿನವರು, ನಾನು ಪರದೆಯ ಒಳಗಿನವನು ಎಂದು ತಿಳಿದಿದ್ದೆ. ನನಗಾದರೂ ನೇರವಾಗಿ ಬೈದು ಹೇಳುತ್ತಾರೆ ಎಂದು ತಿಳಿದಿದ್ದೆ. ಆ ಮನೆಯಲ್ಲಿ ಬೈಸಿಕೊಳ್ಳುವಷ್ಟಾದರೂ ನಾನು ಹತ್ತಿರದವನು ಎಂದು ತಿಳಿದಿದ್ದೆ. ಸೂಸಲಾದ ತಟ್ಟೆಯನ್ನು ಒಳಗಿಟ್ಟು ಬಂದೆ.

ಸೋಮವಾರದಿಂದ ಹಾಕಿಸುತ್ತೇನೆ ಎಂದು ಕಾಕು ಹೇಳಿ ಕಳಿಸಿದರು. ತಂಗಿ ಒಲ್ಲೆ ಅಂದಳು. ನಮ್ಮ ಮನೆಯಲ್ಲಿ ಆ ಮಾತು ಸಲೀಸಾಗಿ ಬರುತ್ತದೆ. ಸಾಹೇಬರು ಹುಡುಕಿಕೊಟ್ಟ ಬಸ್ಸಿನಲ್ಲಿ ಹೋದಳು, ಅದು ನಿಜಕ್ಕೂ ಬೇಗ ಮುಟ್ಟುತ್ತಿತ್ತು. ಆದರೂ ತಪ್ಪಿದ ದಿನಗಳು ತಪ್ಪಿದವೇ. ಆಯ್ಕೆಯ ದಿನ ಕಂಬದ ಹತ್ತಿರ ಅವಳಿಗೂ ಜೊತೆಯ ಹುಡುಗಿಯರಿಗೂ ಹೊಂದಾಣಿಕೆ ಬರಲಿಲ್ಲ. ಅವಳು ಕೊಟ್ಟ ಒಂದು ಖೋ ಚಣ ತಡವಾಯಿತು, ಇನ್ನೊಂದು ಖೋ ಚಣ ಮುಂಚೆಯಾಯಿತು. ಸರ್ ಬಂದು ಮುಂದಿನ ವರ್ಷ ನೋಡೋಣ ಅಂದರು. ಮರಳಿ ಬರುವಾಗ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಹೊರಗೆ ನೋಡುತ್ತ ಕೂತಳು. ನಾನು ಯಾರ ಅಣಕನ್ನೂ ಮಾಡಲಿಲ್ಲ. ಮಾಡಿದ್ದರೆ ನಗುತ್ತಿದ್ದಳೋ ಏನೋ, ನನ್ನನ್ನು ಖುಷಿಪಡಿಸಲು. ಅದು ಬೇಡವಾಗಿತ್ತು.

ಮುಂದಿನ ವರ್ಷ ಅವಳ ಹೆಸರು ಬಂತು. ಆದರೆ ಆ ಸುದ್ದಿ ಹೇಳಲು ನಾವು ಮೊದಲು ಓಡಬೇಕಾದ ಮನೆಗೆ ಬೀಗವಿತ್ತು. ಕಾಕು ವ್ಯಾನು ಮಾರಿ, ಮೊಮ್ಮಗನನ್ನು ಕರೆದುಕೊಂಡು ಖರಾಡಿಗೆ ಮಗಳ ಮನೆಗೆ ಹೋಗಿದ್ದರು. ಹೋಗುವ ಮೊದಲು ಮೊಮ್ಮಗನ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಉಂಡಿ ಕಳಿಸಿದ್ದರು. ತಂಗಿ ಮುಟ್ಟಲಿಲ್ಲ. ನಾನು ತಿಂದೆ. ನನ್ನ ಸಿಟ್ಟಿಗೆ ಹೊಟ್ಟೆಯ ಜೊತೆ ಮಾತುಕತೆ ಇಲ್ಲ.

ನನಗೆ ಅವರಿಂದ ಬಂದದ್ದು ಕಡಿಮೆಯಲ್ಲ. ಗಾಡಿ ಹೊಡೆಯಲು ಬಂತು. ಕದ್ದು ಮಾಡುವ ಅಣಕು ತಲೆ ಎತ್ತಿ ಮಾಡುವ ವಿದ್ಯೆಯಾದದ್ದು ಆ ವ್ಯಾನಿನಲ್ಲಿ. ಈಗಲೂ ನಾನು ಯಾರನ್ನಾದರೂ ನಗಿಸಿದರೆ ಅವರ ಬಾಯಿ ನೋಡುವುದಿಲ್ಲ, ಹೆಗಲು ನೋಡುತ್ತೇನೆ. ಕುಣಿಯಿತೋ ಇಲ್ಲವೋ. ಕುಣಿದರೆ ಖುಷಿ ಆಗುತ್ತದೆ, ಹಿಂದೆಯೇ ಆ ಚಹಾ ನೆನಪಾಗುತ್ತದೆ.

ಈ ಶ್ರಾವಣದಲ್ಲಿ ಕಾಕು ತೀರಿಕೊಂಡರು. ಅವ್ವ, ಅಪ್ಪ, ನಾನು ಖರಾಡಿಗೆ ಹೋದೆವು, ತಂಗಿ ಬರಲಿಲ್ಲ. ಎತ್ತರದ ಕಟ್ಟಡದ ಎತ್ತರದ ಮಹಡಿ. ಹಾಲಿನಲ್ಲಿ ಕಾಕು ಮತ್ತು ಕಾಕಾನ ಫೋಟೋ ಅಕ್ಕಪಕ್ಕ, ಇಬ್ಬರೂ ಯಾರೋ ವ್ಯಾನು ಕೇಳಲು ಬಂದವರ ಎದುರು ನಿಂತ ಹಾಗಿದ್ದರು. ಊಟವಾದ ಮೇಲೆ ಮಗಳು ನನ್ನ ಹತ್ತಿರ ಬಂದು ಕೂತಳು. ಅವಳನ್ನು ನಾನು ಅಕ್ಕ ಅನ್ನುತ್ತೇನೆ. ಅತ್ತೂ ಅತ್ತೂ ಅವಳ ದನಿ ಕೂತುಹೋಗಿತ್ತು.

"ನಮ್ಮವ್ವ ಭಾಳ ಸರ್ತಿ ಹೇಳ್ತಿದ್ಲು," ಅಂದಳು. "ನೀ ಅಪ್ಪನ ಕೆಮ್ಮು ಭಾಳ ಛಂದ ಮಾಡ್ತಿದ್ದೆಂತ. ಈಗ ಇಬ್ರೂ ಇಲ್ಲ. ಒಮ್ಮೆ ಕೆಮ್ಮಿ ತೋರಸಪಾ."

ಪಕ್ಕದಲ್ಲಿದ್ದವರು ಈ ಕಡೆ ತಿರುಗಿದರು. ಹಾಲಿಗೆ ಹೊಂದಿಕೊಂಡು ಒಂದು ಕೋಣೆಯಿತ್ತು, ಅದಕ್ಕೆ ಪರದೆಯೂ ಇತ್ತು. ನೆಪ ಹೇಳಲು ಬೇಕಾದಷ್ಟಿದ್ದವು. ಬಸ್ಸಿಗೆ ಹೊತ್ತಾಯಿತು ಅನ್ನಬಹುದಿತ್ತು, ಅಪ್ಪ ಬೈತಾರ ಅನ್ನಬಹುದಿತ್ತು. ಕಾಕು ಆಗಿದ್ದರೆ ಅಷ್ಟರಲ್ಲಿ ಮೂರು ಜನರ ಹೆಗಲಿಗೆ ದಾಟಿಸುತ್ತಿದ್ದರು.

"ಒಲ್ಲೆ ಅಕ್ಕಾ," ಅಂದೆ, ಅವಳ ಮುಖ ನೋಡಿಕೊಂಡು.

ಅವಳು ನನಗೊಂದು ಕಾರಣ ಹುಡುಕಿದಳು. ಗಂಟಲು ಸರಿ ಇಲ್ಲೇನು ಎಂದು ತಾನೇ ಕೇಳಿದಳು.

ಸರಿ ಅದ, ಅಂದೆ. ಗಂಟಲು ಚೆನ್ನಾಗಿಯೇ ಇತ್ತು.